ಫ್ರೆಂಚ್ ಸಂಗೀತ ನಾಟಕದ ಗಾಯಕ-ನಟರ ವೃತ್ತಿ ಹೇಗೆ ಬೆಳೆಯುತ್ತದೆ? ಡೇಮಿಯನ್ ಸಾರ್ಗ್ ಉದಾಹರಣೆಯಿಂದ ವಿವರಿಸಬಹುದೇ?

ಸಾರ್ಗ್ ಹುಟ್ಟಿದ್ದು 1981ರಲ್ಲಿ, ನಾರ್ಮಂಡಿಯ ಕಾನ್ ನಗರದಲ್ಲಿ. ಮೊದಲ ದೊಡ್ಡ ಮೆಟ್ಟಿಲು 1998ರ ಸಂಗೀತ ನಾಟಕ 'ನೋತ್ರ್-ದಾಮ್ ದ ಪ್ಯಾರಿ'. ಅಲ್ಲಿ ಅವರು ಬದಲಿ ನಟ. ಗ್ರಾಂಗ್ವಾರ್, ಫೀಬಸ್ ಎರಡೂ ಪಾತ್ರಗಳನ್ನು ಪೂರ್ತಿ ಕಲಿತು, ಮುಖ್ಯ ಗಾಯಕರು ಬಾರದ ದಿನ ರಂಗಕ್ಕಿಳಿಯಬೇಕು. ಹೆಸರು ಕಡಿಮೆ, ಕಲಿಕೆ ಅಪಾರ.

ಆಮೇಲೆ ಬಂದದ್ದು ಸಂಗೀತ ರಚನಕಾರ ಜೆರಾರ್ ಪ್ರೆಸ್ಗುರ್ವಿಕ್ ಅವರ 'ರೋಮಿಯೊ ಎ ಜೂಲಿಯೆಟ್'ನ ರೋಮಿಯೊ ಪಾತ್ರ. ಫ್ರಾನ್ಸಿನ ರೂಢಿ ಇಲ್ಲಿ ಸ್ಪಷ್ಟವಾಗುತ್ತದೆ: ಹಾಡುಗಳು 2000ದಲ್ಲೇ ರೇಡಿಯೊ, ಸೀಡಿಗಳಲ್ಲಿ ಜನಪ್ರಿಯವಾದವು, ನಾಟಕ ಪ್ಯಾರಿಸ್ಸಿನ ಪಾಲೆ ದೆ ಕಾಂಗ್ರೆ ಸಭಾಂಗಣದಲ್ಲಿ ತೆರೆಕಂಡದ್ದು 2001ರ ಜನವರಿಯಲ್ಲಿ. ಪ್ರೇಕ್ಷಕರು ಹಾಡು ಬಾಯಿಪಾಠ ಮಾಡಿಕೊಂಡೇ ಬರುತ್ತಾರೆ. ಹಾಗಾಗಿ ಆಯ್ಕೆಯಲ್ಲಿ ಅಭಿನಯಕ್ಕಿಂತ ಕಂಠಕ್ಕೇ ತೂಕ ಹೆಚ್ಚು. ಕುಣಿತವನ್ನು ಬಹುಪಾಲು ಪ್ರತ್ಯೇಕ ನೃತ್ಯಗಾರರು ನೋಡಿಕೊಳ್ಳುತ್ತಾರೆ.

ಕಷ್ಟದ ಭಾಗ ಬೇರೆಯೇ ಇದೆ. ಇಂಥ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ವಾದ್ಯಸಂಗೀತ ಮೊದಲೇ ಧ್ವನಿಮುದ್ರಿತ, ದನಿ ಮಾತ್ರ ನೇರ. ಉಸಿರು ತಪ್ಪಿ ಅರ್ಧ ಮಾತ್ರೆ ಹಿಂದೆ ಬಿದ್ದರೆ ಟ್ರ್ಯಾಕ್ ಕಾಯುವುದಿಲ್ಲ. ಮುಂದಿನ ಸಾಲಿನಲ್ಲೇ ಹಿಡಿಯಬೇಕು.

ಒಂದೇ ಪಾತ್ರ ಬಹುಕಾಲ ಜೊತೆಗಿರುವುದೂ ಉಂಟು: 2010ರ ಮರುಪ್ರದರ್ಶನದಲ್ಲೂ ಸಾರ್ಗ್ ಅವರೇ ರೋಮಿಯೊ.