ಆಟದಲ್ಲಿ ಸಿಕ್ಕಿಹಾಕಿಕೊಂಡರೆ ನೀವು ದಡ್ಡರಲ್ಲ

ಪ್ರಶ್ನೆ: ಮೆಟ್ರೋದಲ್ಲಿ ದಿನಾ ಕ್ಯಾಂಡಿ ಕ್ರಶ್ ಆಡ್ತೀನಿ. ಮಗ ಅಡ್ವೆಂಚರ್ ಗೇಮ್ ಹಾಕಿಕೊಟ್ಟ, ಒಗಟು ಬಿಡಿಸ್ತಾ ಕಥೆ ಮುಂದೆ ಸಾಗಿಸೋ ಆಟ. ಅರ್ಧ ಗಂಟೆಗೇ ಸಿಕ್ಕಿಹಾಕಿಕೊಂಡೆ. ನನಗೆ ಅಷ್ಟು ತಲೆ ಇಲ್ವಾ? ಉತ್ತರ ನೋಡಿಕೊಂಡು ಆಡಬಹುದಾ?
— ಗೃಹಿಣಿ, ರಾಜಾಜಿನಗರ

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ನನಗೆ ಬೇಜಾರಾಗುತ್ತದೆ. ಆಟ ಮುಂದೆ ಹೋಗದಿದ್ದರೆ ನಿಮ್ಮನ್ನೇ ಯಾಕೆ ಬೈದುಕೊಳ್ಳುತ್ತೀರಿ?

ಕ್ಯಾಂಡಿ ಕ್ರಶ್‌ನಲ್ಲಿ ಐದು ಜೀವ. ಮುಗಿದರೆ ಒಂದೊಂದಕ್ಕೂ 30 ನಿಮಿಷ ಕಾಯಬೇಕು, ಇಲ್ಲ ದುಡ್ಡು ಕೊಡಬೇಕು. ಮೇಲಿಂದ ಯಾವ ಕ್ಯಾಂಡಿ ಬೀಳುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಆಡ್ತಾ ಇದ್ದರೆ ಒಂದಲ್ಲ ಒಂದು ಸಲ ಅದೃಷ್ಟ ಕೈಹಿಡಿಯುತ್ತದೆ. ಅಡ್ವೆಂಚರ್ ಗೇಮ್‌ನ ಬೀಗವನ್ನು ನೂರು ಸಲ ಒತ್ತಿದರೂ ತೆರೆಯೋದಿಲ್ಲ. ಹಿಂದಿನ ಕೋಣೆಯಲ್ಲಿ ಕಂಡದ್ದು ನೆನಪಿರಬೇಕು. ಮೊಬೈಲ್ ಕೆಳಗಿಟ್ಟ ಮೇಲೂ ತಲೆಯಲ್ಲಿ ಅದೇ ಓಡುತ್ತಿರಬೇಕು. ಮೆಜೆಸ್ಟಿಕ್ ಬರುವಷ್ಟರಲ್ಲಿ ಮುಗಿಸೋಕೆ ಆಗುತ್ತಾ?

ಎಷ್ಟೋ ಸಲ ತಪ್ಪು ಆಟ ಮಾಡಿದವರದ್ದೇ. 1990ರ ಕಿಂಗ್ಸ್ ಕ್ವೆಸ್ಟ್ 5 ಎಂಬ ಅಡ್ವೆಂಚರ್ ಗೇಮ್‌ನಲ್ಲಿ ಬೆಕ್ಕು ಒಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ನೀವು ಇಲಿಯನ್ನು ಉಳಿಸದಿದ್ದರೆ ಆಟ ಏನೂ ಹೇಳೋದಿಲ್ಲ. ಮುಂದೆ ನಿಮ್ಮನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿದಾಗ ಹಗ್ಗ ಕಡಿಯೋಕೆ ಆ ಇಲಿ ಬರೋದಿಲ್ಲ. ಅಲ್ಲಿಗೆ ಕಥೆ ಮುಗೀತು. ಇದು ಅನ್ಯಾಯ. ಅದೇ ವರ್ಷ ಬಂದ ಮಂಕಿ ಐಲ್ಯಾಂಡ್ ಎಂಬ ಆಟವನ್ನು ಇಂಥ ಗುಂಡಿಗಳು ಇರದಂತೆ ಬೇಕೆಂದೇ ಮಾಡಿದ್ದರು.

ಉತ್ತರ ಧಾರಾಳವಾಗಿ ನೋಡಿ. ಆದರೆ ಒಂದು ರಾತ್ರಿ ಕಳೆಯಲಿ, ಆಮೇಲೆ ಒಂದೇ ಹೆಜ್ಜೆಯಷ್ಟು ನೋಡಿ. ಪೂರ್ತಿ ವಿಡಿಯೋ ಹಾಕಿಕೊಂಡರೆ ಆಟ ಬೇರೆಯವರು ಆಡಿದಂತೆ.

ನಿಮಗೆ ನಾನು ಹೇಳೋದು 2009ರ ಮಷಿನೇರಿಯಮ್ ಎಂಬ ಅಡ್ವೆಂಚರ್ ಗೇಮ್. ಪಾತ್ರಗಳು ಮಾತಿನ ಬದಲು ಚಿತ್ರದಲ್ಲೇ ವಿಷಯ ತಿಳಿಸುತ್ತವೆ, ಇಂಗ್ಲಿಷ್ ತೊಡಕಿಲ್ಲ. ಬಲ್ಬ್ ಒತ್ತಿದರೆ ಸಣ್ಣ ಸುಳಿವು ಸಿಗುತ್ತದೆ. ಪೂರ್ತಿ ಉತ್ತರದ ಪುಸ್ತಕಕ್ಕೆ ಬೀಗವಿದೆ. ಜೇಡಗಳ ಮಧ್ಯೆ ಕೀಲಿಕೈ ದಾಟಿಸುವ ಪುಟ್ಟ ಆಟ ಗೆದ್ದರೆ ತೆರೆಯುತ್ತದೆ. ಸುಳಿವಿಗಾಗಲಿ ಪುಸ್ತಕಕ್ಕಾಗಲಿ ಬೇರೆ ದುಡ್ಡು ಕೇಳೋದಿಲ್ಲ.

ಪ್ರಶ್ನೆ: ಮಗುವಿನ ಬುದ್ಧಿ ಚುರುಕಾಗುವ ಗೇಮ್ ಯಾವುದು?
ಉತ್ತರ: ಹಾಗಂತ ಮಾರುವವರನ್ನು ನಂಬಬೇಡಿ, ಇಂಥ ಜಾಹೀರಾತಿಗೇ ಮಿದುಳಿನ ಕಸರತ್ತಿನ ಆಟ ಮಾರುವ ಲುಮಾಸಿಟಿ ಕಂಪನಿ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ 'ಅನ್‌ಲಿಮಿಟೆಡ್ ಲೈಫ್' ಎಪಿಕೆ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕೋ ಆ್ಯಪ್ ಫೈಲ್) ಹಾಕಿಕೊಳ್ಳಬಹುದಾ?
ಉತ್ತರ: ಬೇಡವೇ ಬೇಡ, ಅದರೊಳಗೆ ದುಡ್ಡು ಕದಿಯುವ ಸಾಫ್ಟ್‌ವೇರ್ ಇರಬಹುದು, ಅದೇ ಫೋನಿನಲ್ಲಿ ನಿಮ್ಮ ಯುಪಿಐ ಇದೆ ಅಲ್ವಾ?