ದೊಡ್ಡವರಿಗೆ ತರಬೇತಿ ರೂಪಿಸುವಾಗ ಎಲ್ಲಿಂದ ಶುರು ಮಾಡಬೇಕು?

ಎರಡು ದಿನದ ತರಬೇತಿಗೆ ವಿಷಯಗಳ ಪಟ್ಟಿ ರೆಡಿ ಇದೆ, ಅದನ್ನು ಕಲಿಯುವವರಿಗೆ ಒಗ್ಗುವಂತೆ ಹೇಗೆ ಜೋಡಿಸಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಆ ಪಟ್ಟಿಯನ್ನು ಪಕ್ಕಕ್ಕಿಡಿ. ಬರುವವರಲ್ಲಿ ನಾಲ್ಕೈದು ಜನರಿಗೆ ಮೊದಲೇ ಫೋನ್ ಮಾಡಿ. ‘ಏನು ಕಲಿಯಬೇಕು?’ ಅಂತ ಕೇಳಬೇಡಿ, ‘ಎಲ್ಲಾ ಹೇಳಿಕೊಡಿ’ ಅಂತಾರೆ ಅಷ್ಟೆ. ‘ಕಳೆದ ವಾರ ಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ?’ ಅಂತ ಕೇಳಿ.

ಇದನ್ನು ನಾನು ಪೆಟ್ಟು ತಿಂದೇ ಕಲಿತಿದ್ದು. ಒಂದು ಕಚೇರಿಯವರು ಆರು ತಿಂಗಳಿಂದ ಬಳಸುತ್ತಿದ್ದ ಸಾಫ್ಟ್‌ವೇರ್ ಬಗ್ಗೆ ಹೇಳಿಕೊಡಲು 90 ಸ್ಲೈಡ್ ಹೊತ್ತು ಹೋಗಿದ್ದೆ. ಹನ್ನೊಂದು ಗಂಟೆಗೆಲ್ಲ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಊಟದ ಬಿಡುವಿನಲ್ಲಿ ಹಿರಿಯರೊಬ್ಬರು ತಮ್ಮ ನೋಟ್‌ಬುಕ್ ತೋರಿಸಿದರು. ತಪ್ಪು ಎಂಟ್ರಿ ಆದರೆ ಸರಿಪಡಿಸೋದು ಹೇಗೆ ಅಂತ ತಾವೇ ಕಂಡುಕೊಂಡದ್ದನ್ನು ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದರು. ಎಲ್ಲರಿಗೂ ಬೇಕಾಗಿದ್ದದ್ದು ಅದೇ. ನನ್ನಲ್ಲಿ ಅದು 83ನೇ ಸ್ಲೈಡು! ಮಧ್ಯಾಹ್ನ ಪ್ರೊಜೆಕ್ಟರ್ ಆಫ್ ಮಾಡಿ, ಅವರ ನೋಟ್‌ಬುಕ್ಕಿನಿಂದ ಒಂದೊಂದು ತಪ್ಪು ಎಂಟ್ರಿ ಕೊಟ್ಟು ಇಬ್ಬಿಬ್ಬರನ್ನು ಕೂರಿಸಿದೆ. ಗಲಾಟೆ ಎಷ್ಟಾಯಿತೆಂದರೆ ಪಕ್ಕದ ಕೋಣೆಯವರು ಬಂದು ಬಾಗಿಲು ಎಳೆದುಕೊಂಡು ಹೋದರು.

ದೊಡ್ಡವರು ಅನುಭವದ ಗಂಟು ಹೊತ್ತೇ ಬರುತ್ತಾರೆ, ಕೂಡಲೇ ಕೆಲಸಕ್ಕೆ ಬರೋದನ್ನು ಬಯಸುತ್ತಾರೆ ಅಂತ ಅಮೆರಿಕದ ವಯಸ್ಕರ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ 1970ರಲ್ಲೇ ಬರೆದಿದ್ದರು. ಆಗ ಅವರು ಮಕ್ಕಳ ಕಲಿಕೆಯೇ ಬೇರೆ, ದೊಡ್ಡವರದ್ದೇ ಬೇರೆ ಅಂತ ಗೆರೆ ಎಳೆದಿದ್ದರು. 1980ರ ಹೊತ್ತಿಗೆ ಆ ಗೆರೆಯನ್ನು ತಾವೇ ಸಡಿಲಿಸಿದರು. ಸರಿಯಾಗೇ ಮಾಡಿದರು ಅನ್ನಿ. ವಿಷಯ ಪೂರ್ತಿ ಹೊಸದಾದರೆ ದೊಡ್ಡವರಿಗೂ ಯಾರಾದರೂ ಮೊದಲು ಮಾಡಿ ತೋರಿಸಲೇಬೇಕು. ಏನೂ ಗೊತ್ತಿಲ್ಲದವರನ್ನು ಸುಮ್ನೆ ಗುಂಪು ಮಾಡಿ ‘ಚರ್ಚಿಸಿ’ ಅಂದರೆ ಅವರು ಏನಂತ ಚರ್ಚಿಸಬೇಕು, ಅಲ್ವಾ?

ಫೋನಿನಲ್ಲಿ ಸಿಕ್ಕ ತೊಡಕುಗಳಲ್ಲಿ ಮೂರನ್ನು ಆರಿಸಿಕೊಳ್ಳಿ, ಜಾಸ್ತಿ ಬೇಡ. ತರಬೇತಿ ಮುಗಿಸಿದವರು ತಾವಾಗಿ ಮಾಡಬೇಕಾದ ಒಂದೊಂದು ಕೆಲಸವನ್ನು ಪ್ರತಿಯೊಂದಕ್ಕೂ ಬರೆಯಿರಿ. ಅದಕ್ಕೆ ಬೇಡದ ಸ್ಲೈಡ್ ಎಷ್ಟೇ ಚೆನ್ನಾಗಿರಲಿ, ತೆಗೆದುಹಾಕಿ. ‘ಇದೂ ಇರಲಿ’ ಅಂತ ಮೇಲಿನವರು ಹೇಳೇ ಹೇಳುತ್ತಾರೆ. ಅದನ್ನು ಮನೆಗೆ ಕೊಟ್ಟು ಕಳಿಸುವ ಹಾಳೆಗೆ ಸೇರಿಸಿ.

ಎರಡೂ ದಿನ ಒಟ್ಟಿಗೆ ಇಡಬೇಡಿ, ನಡುವೆ ಒಂದು ವಾರ ಬಿಡಿ. ಎರಡನೇ ದಿನ ಬೆಳಗ್ಗೆ ಪಾಠ ಶುರು ಮಾಡುವ ಮುಂಚೆ, ಮೊದಲ ದಿನದ ಒಂದು ಕೆಲಸವನ್ನು ನೋಟ್ಸ್ ನೋಡದೆ ಮಾಡಿಸಿ. ಮರೆತಿರುತ್ತಾರೆ, ಪರವಾಗಿಲ್ಲ. ತಡಕಾಡಿ ನೆನಪಿಸಿಕೊಂಡದ್ದು ಜಾಸ್ತಿ ದಿನ ಉಳಿಯುತ್ತೆ.

ಸಂಜೆ ತುಂಬಿಸಿಕೊಳ್ಳುವ ಫೀಡ್‌ಬ್ಯಾಕ್ ಫಾರಂ ನಂಬಬೇಡಿ. ಮನೆಗೆ ಹೊರಡುವ ಆತುರದಲ್ಲಿ ಎಲ್ಲರೂ ‘ಚೆನ್ನಾಗಿತ್ತು’ ಅಂತಲೇ ಬರೆಯೋದು. ಒಂದು ತಿಂಗಳು ಬಿಟ್ಟು ಅದೇ ನಾಲ್ಕೈದು ಜನರಿಗೆ ಮತ್ತೆ ಫೋನ್ ಮಾಡಿ, ಅದೇ ಪ್ರಶ್ನೆ ಕೇಳಿ.