ಟಿಎಸ್‌ಎಚ್ ನಾರ್ಮಲ್, ಮಗಳು ಮಾತ್ರ ಮೊದಲಿನಂತಿಲ್ಲ

ಪ್ರಶ್ನೆ: ಮಗಳಿಗೆ 13 ವರ್ಷ, ತೂಕ 35 ಕೆ.ಜಿ. ಓದಿನಲ್ಲಿ ಚುರುಕಾಗಿದ್ದವಳು ಎರಡು ತಿಂಗಳಿಂದ ಮಂಕಾಗಿದ್ದಾಳೆ. ಹೇಳಿದ್ದು ನೆನಪಿರುವುದಿಲ್ಲ, ಯಾರೋ ಕರೆದಂತಾಯಿತು ಎನ್ನುತ್ತಾಳೆ. ಎರಡು ಸಲ ಫಿಟ್ಸ್ ಬಂತು. ಎಂಆರ್‌ಐ, ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ನಾರ್ಮಲ್. ಆ್ಯಂಟಿ-ಟಿಪಿಒ (ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿ) ಮಾತ್ರ 1,200 ಇದೆ. ವೈದ್ಯರು ಸ್ಟೀರಾಯ್ಡ್ ಎನ್ನುತ್ತಿದ್ದಾರೆ, ನಮಗೆ ಭಯ. ಬರೀ ಥೈರಾಯ್ಡ್ ಮಾತ್ರೆ ಸಾಲದೇ?
– ಹೆಸರು, ಊರು ಬೇಡ

ಉತ್ತರ: ಸಾಲದು. ಆ ಮಾತ್ರೆ ಕಡಿಮೆಯಾದ ಹಾರ್ಮೋನನ್ನು ತುಂಬಿಕೊಡುತ್ತದೆ, ಅಷ್ಟೇ. ಟಿಎಸ್‌ಎಚ್ ನೋಡಿದರೆ ಮಗಳಿಗೆ ಆ ಕೊರತೆಯೇ ಇದ್ದಂತಿಲ್ಲ. ವೈದ್ಯರಿಗೆ ಅನುಮಾನವಿರುವುದು ಹಶಿಮೊಟೊ ಎನ್ಸೆಫಲೋಪತಿಯ ಬಗ್ಗೆ ಇರಬೇಕು. 1966ರಲ್ಲಿ ಮೊದಲು ವರದಿಯಾದ, ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಮಿದುಳನ್ನು ಕಾಡುವ ಅಪರೂಪದ ಕಾಯಿಲೆ ಇದು. ಟಿಎಸ್‌ಎಚ್, ಎಂಆರ್‌ಐ ಎರಡೂ ಸರಿಯಿದ್ದೂ ಬರಬಹುದು.

ಆದರೆ 1,200 ಎಂಬ ಅಂಕಿಯೊಂದನ್ನೇ ನಂಬಬೇಡಿ. ಆರೋಗ್ಯವಾಗಿರುವ ಎಷ್ಟೋ ಜನರ ರಕ್ತದಲ್ಲೂ ಈ ಆ್ಯಂಟಿಬಾಡಿ ಇರುತ್ತದೆ. ಉಳಿದ ಕಾರಣಗಳನ್ನು ತಳ್ಳಿಹಾಕಿದ ಮೇಲೆಯೇ ಈ ಹೆಸರು ಹಚ್ಚಬೇಕು. ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಆಗಿದೆಯೇ? ಬೆನ್ನಿನ ನೀರು ತೆಗೆದು ಟಿಬಿ, ವೈರಸ್ ಸೋಂಕು ನೋಡಿದ್ದಾರೆಯೇ? ಈ ವಯಸ್ಸಿನ ಹುಡುಗಿಯರಲ್ಲಿ ಹೀಗೆಯೇ ಕಾಣಿಸುವ, ಆ್ಯಂಟಿಬಾಡಿಗಳಿಂದ ಬರುವ ಮಿದುಳಿನ ಉರಿಯೂತವಾದ ಎನ್‌ಎಂಡಿಎ ಎನ್ಸೆಫಲೈಟಿಸ್‌ಗೆ ರಕ್ತ, ಬೆನ್ನಿನ ನೀರು ಎರಡನ್ನೂ ಕಳಿಸಬೇಕು. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಸೆರುಲೋಪ್ಲಾಸ್ಮಿನ್ ಎಂಬ ರಕ್ತಪರೀಕ್ಷೆ ಮತ್ತು ಕಣ್ಣಿನ ಪರೀಕ್ಷೆ. ಸ್ಯಾಂಪಲ್‌ಗಳನ್ನು ಸ್ಟೀರಾಯ್ಡ್‌ಗೆ ಮೊದಲೇ ತೆಗೆಸಿ; ಆಮೇಲಾದರೆ ಫಲಿತಾಂಶ ಮಸುಕಾಗುವ ಸಾಧ್ಯತೆ ಇದೆ.

ಇವು ಮುಗಿದಿದ್ದರೆ ಸ್ಟೀರಾಯ್ಡ್‌ಗೆ ಹೆದರಿ ದಿನ ದೂಡಬೇಡಿ. ಸಾಮಾನ್ಯವಾಗಿ ಮೀಥೈಲ್‌ಪ್ರೆಡ್ನಿಸೊಲೋನ್ ಕೆ.ಜಿ.ಗೆ 30 ಮಿ.ಗ್ರಾಂ, ದಿನಕ್ಕೆ 1,000 ಮಿ.ಗ್ರಾಂ ಮೀರದಂತೆ, 3ರಿಂದ 5 ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ; ನಿಮ್ಮ ಮಗಳ ತೂಕಕ್ಕೆ ಆ ಮಿತಿಯೇ ಬರುತ್ತದೆ. ಬಿಪಿ, ಸಕ್ಕರೆ ನೋಡುತ್ತಿರಬೇಕು. ಬಳಿಕ ಪ್ರೆಡ್ನಿಸೊಲೋನ್ ಮಾತ್ರೆ, ಬೆಳಗಿನ ತಿಂಡಿಯ ನಂತರ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ.

ಎಡವಟ್ಟಾಗುವುದು ಇಲ್ಲಿಯೇ. ಮಗು ಗೆಲುವಾದ ಕೂಡಲೇ ಮನೆಯವರು ಮಾತ್ರೆ ಬಿಡಿಸುತ್ತಾರೆ. ಕಾಯಿಲೆ ಮರುಕಳಿಸಬಹುದು, ಅದಕ್ಕಿಂತ ತುರ್ತಿನ ಅಪಾಯ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಾತ್ರೆಯಿಂದಾಗಿ ನಿದ್ದೆಗೆ ಜಾರಿರುವುದರಿಂದ ಬಿಪಿ ಕುಸಿದು ಮಗು ಬೀಳಬಹುದು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಫಿಟ್ಸ್ ಮಾತ್ರೆಯನ್ನೂ ನೀವಾಗಿ ಬಿಡಿಸಬೇಡಿ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ತಕ್ಷಣ ವೈದ್ಯರಿಗೆ ತಿಳಿಸಿ.

ಡ್ರಿಪ್ ಶುರುವಾಗುವ ಮುನ್ನ ಅವಳಿಂದ ನಾಲ್ಕು ಸಾಲು ಬರೆಸಿ, ಒಂದು ಮಗ್ಗಿ ಹೇಳಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ವಾರದ ನಂತರ ಮತ್ತೆ ಮಾಡಿಸಿ. ಸುಧಾರಣೆ ಎಷ್ಟೆಂಬುದು ವೈದ್ಯರಿಗೂ ಕಾಣುತ್ತದೆ. ಏನೂ ಬದಲಾಗದಿದ್ದರೆ ರೋಗನಿರ್ಣಯವನ್ನೇ ಮತ್ತೊಮ್ಮೆ ಪರಿಶೀಲಿಸಲು ಕೇಳಿ.